ಪಕ್ಷೇತರ ಶಾಸಕರು ಸದನದಲ್ಲಿ ಏನು ಮಾಡಿದರು? ಉತ್ತರ ಕನ್ನಡದ ಮತದಾರರು ಪದೇ ಪದೇ ಕೇಳುವ ಪ್ರಶ್ನೆಗಳು

ಉತ್ತರ ಕನ್ನಡದಲ್ಲಿ ಚುನಾವಣೆಯ ಮಾತು ಬಂದರೆ ಪಕ್ಷೇತರರ ವಿಷಯ ಬಂದೇ ಬರುತ್ತದೆ. ಗೆದ್ದ ಮೇಲೆ ಅವರು ಯಾರ ಜೊತೆ ಹೋದರು ಎಂಬುದನ್ನು ಎಲ್ಲರೂ ಗಮನಿಸುತ್ತಾರೆ. ಸದನದಲ್ಲಿ ಏನು ಕೇಳಿದರು, ಯಾವ ಮಸೂದೆಯ ಬಗ್ಗೆ ಏನು ಹೇಳಿದರು ಎಂದು ನೋಡುವವರು ಕಡಿಮೆ. ಪಕ್ಷದ ಸದಸ್ಯರಾದರೆ ಪಕ್ಷದ ನಿಲುವಿನಿಂದ ಅವರ ನಿಲುವನ್ನು ಮುಕ್ಕಾಲು ಪಾಲು ಊಹಿಸಬಹುದು. ಪಕ್ಷೇತರರ ವಿಷಯದಲ್ಲಿ ಆ ದಾರಿಯಿಲ್ಲ, ಅವರ ಮಾತನ್ನೇ ಓದಬೇಕು. ಕಾರವಾರ, ಅಂಕೋಲಾ, ಹೊನ್ನಾವರ, ಶಿರಸಿಯ ಕಡೆಯವರು ಮಾತುಕತೆಯಲ್ಲಿ ಮತ್ತು ಪತ್ರಗಳಲ್ಲಿ ಕೇಳುತ್ತ ಬಂದ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಟ್ಟು ಉತ್ತರಿಸಿದ್ದೇನೆ. ಸುಲಭದವು ಮೊದಲು, ತೊಡಕಿನವು ಕೊನೆಗೆ.

## ಮೊದಲ ತಿಳಿವಳಿಕೆ

ದೊಡ್ಡ ಪಕ್ಷಗಳಿಂದ ನಿಲ್ಲದವರೆಲ್ಲ ಪಕ್ಷೇತರರೇ ಅಲ್ಲವೇ?

ಅಲ್ಲ. ಯಾವುದೇ ಪಕ್ಷದ ಅಭ್ಯರ್ಥಿಯಾಗಿ ನಿಲ್ಲದೆ ಗೆದ್ದವರು ಮಾತ್ರ ಪಕ್ಷೇತರರು. ಒಬ್ಬರೇ ಒಬ್ಬ ಶಾಸಕರಿರುವ ಸಣ್ಣ ಪಕ್ಷವಾದರೂ ಅದು ಪಕ್ಷವೇ, ಅದರ ಶಾಸಕರು ಪಕ್ಷದ ಶಾಸಕರೇ. ಈ ವ್ಯತ್ಯಾಸದ ಬೆಲೆ ಎಷ್ಟು ಎಂಬುದು 2019ರಲ್ಲಿ ಕಾಣಿಸಿತು. ಮುಳಬಾಗಿಲಿನ ಎಚ್. ನಾಗೇಶ್ ಪಕ್ಷೇತರರಾಗಿ ಗೆದ್ದಿದ್ದರು. ರಾಣೆಬೆನ್ನೂರಿನ ಆರ್. ಶಂಕರ್ ಕರ್ನಾಟಕ ಪ್ರಜ್ಞಾವಂತ ಜನತಾ ಪಕ್ಷದಿಂದ ಗೆದ್ದಿದ್ದರು. ಇಬ್ಬರೂ ಕುಮಾರಸ್ವಾಮಿಯವರ ಮೈತ್ರಿ ಸರ್ಕಾರದಲ್ಲಿ ಸಚಿವರಾಗಿದ್ದು ಬೆಂಬಲ ಹಿಂಪಡೆದರು. ಪಕ್ಷಾಂತರ ನಿಷೇಧ ಕಾನೂನಿನಡಿ ಶಂಕರ್ ಅನರ್ಹಗೊಂಡರು, ನಾಗೇಶ್ ಉಳಿದುಕೊಂಡು ಮುಂದಿನ ಸರ್ಕಾರದಲ್ಲೂ ಸಚಿವರಾದರು.

ನಮ್ಮ ಜಿಲ್ಲೆಯಿಂದ ಪಕ್ಷೇತರರು ಗೆದ್ದದ್ದು ಉಂಟೇ?

ಉಂಟು. 1967ರಲ್ಲಿ ಅಂದಿನ ಕೆನರಾ ಲೋಕಸಭಾ ಕ್ಷೇತ್ರದಿಂದ ದಿನಕರ ದೇಸಾಯಿಯವರು ಪಕ್ಷೇತರರಾಗಿ ಆಯ್ಕೆಯಾದರು. ಚುಟುಕು ಕವಿಯೆಂದು ನಾಡಿಗೆಲ್ಲ ಪರಿಚಿತರಾದ ಅವರು ಜಿಲ್ಲೆಯ ಗೇಣಿದಾರ ರೈತರ ಹೋರಾಟದ ಮುಂದಾಳು, 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಕರಾವಳಿಯ ಹಳ್ಳಿಗಳಿಗೆ ಹೈಸ್ಕೂಲು ತಂದವರು. ಪಕ್ಷದ ಚಿಹ್ನೆಯಿಲ್ಲದೆ ಗೆಲ್ಲಲು ಆ ಕೆಲಸವೇ ಬೆನ್ನಿಗಿತ್ತು ಎಂದು ನಾನು ನಂಬಿದ್ದೇನೆ.

ವಿಧಾನಸಭೆಗೆ ಬಂದರೆ, 2013ರಲ್ಲಿ ಕಾರವಾರದಿಂದ ಸತೀಶ ಸೈಲ್, ಭಟ್ಕಳದಿಂದ ಮಂಕಾಳ ವೈದ್ಯ ಪಕ್ಷೇತರರಾಗಿ ಗೆದ್ದರು. ಆ ವರ್ಷ ಇಡೀ ರಾಜ್ಯದಲ್ಲಿ ಗೆದ್ದ ಪಕ್ಷೇತರರು 9 ಮಂದಿ. ಅವರಲ್ಲಿ ಇಬ್ಬರು ಆರೇ ಕ್ಷೇತ್ರಗಳಿರುವ ನಮ್ಮ ಜಿಲ್ಲೆಯವರು, ಇಬ್ಬರೂ ಕರಾವಳಿಯವರು. ಈ ಪ್ರಶ್ನೆಗಳು ಬೇರೆ ಕಡೆಗಿಂತ ಇಲ್ಲಿ ಹೆಚ್ಚಾಗಿ ಕೇಳಿಬರಲು ಅದೂ ಒಂದು ಕಾರಣ.

ಊರಿನ ಕೆಲಸ ಮಾಡಿಕೊಟ್ಟರೆ ಸಾಲದೇ? ಬೆಂಗಳೂರಿನಲ್ಲಿ ಏನು ಮಾತನಾಡಿದರೆ ನಮಗೇನು?

ಸಾಲದು. ಶಾಸಕರ ಕ್ಷೇತ್ರಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ ರೂಪಾಯಿ. ಒಂದೆರಡು ಕಾಲುಸಂಕ, ಸಮುದಾಯ ಭವನ, ಶಾಲೆಯ ಕೊಠಡಿ, ಅಲ್ಲಿಗೆ ಮುಗಿಯಿತು. ನಮ್ಮ ಬದುಕನ್ನು ನಿಜವಾಗಿ ಹಿಡಿದಿರುವ ವಿಷಯಗಳು ಆ ನಿಧಿಯ ಆಚೆಗಿವೆ. ಅರಣ್ಯ ಭೂಮಿ ಸಾಗುವಳಿ ಮಾಡುತ್ತಿರುವವರ ಹಕ್ಕು, ಅಡಿಕೆ ತೋಟದವರ ಸೊಪ್ಪಿನ ಬೆಟ್ಟ (ತೋಟಕ್ಕೆ ಸೊಪ್ಪು ತರುವ ಕಾಡು), ಮೀನುಗಾರಿಕೆಯ ನಿಯಮ, ಕಾಳಿ ಮತ್ತು ಶರಾವತಿ ಯೋಜನೆಗಳಲ್ಲಿ ಮನೆಮಠ ಕಳೆದುಕೊಂಡವರ ಪುನರ್ವಸತಿ, ಇವೆಲ್ಲ ಕಾನೂನಿನಿಂದ, ಬಜೆಟ್ಟಿನಿಂದ, ಸರ್ಕಾರಿ ಆದೇಶದಿಂದ ತೀರ್ಮಾನವಾಗುವಂಥವು. ಅವುಗಳ ಬಗ್ಗೆ ಸರ್ಕಾರವನ್ನು ಎಲ್ಲರೆದುರು ನಿಲ್ಲಿಸಿ ಉತ್ತರ ಪಡೆಯುವ ಅಧಿಕಾರ ಶಾಸಕರಿಗೆ ಇರುವುದು ಸದನದಲ್ಲಿ. ಹಾಗೆ ಪಡೆದ ಉತ್ತರ ದಾಖಲೆಯಾಗಿ ಉಳಿಯುತ್ತದೆ. ಕಚೇರಿಯಲ್ಲಿ ಬಾಯಿಮಾತಿನಲ್ಲಿ ಸಿಕ್ಕ ಭರವಸೆ ಹಾಗೆ ಉಳಿಯುವುದಿಲ್ಲ.

ಒಬ್ಬಂಟಿ ಶಾಸಕರಿಗೆ ಸದನದಲ್ಲಿ ಮಾತನಾಡಲು ಅವಕಾಶವಾದರೂ ಸಿಗುತ್ತದೆಯೇ?

ಸಿಗುತ್ತದೆ, ಕಡಿಮೆ. ಬಜೆಟ್ ಮೇಲಿನ ಚರ್ಚೆ, ರಾಜ್ಯಪಾಲರ ಭಾಷಣದ ಮೇಲಿನ ವಂದನಾ ನಿರ್ಣಯದ ಚರ್ಚೆಗಳಲ್ಲಿ ಪಕ್ಷಗಳ ಬಲಕ್ಕೆ ತಕ್ಕಂತೆ ಸಮಯ ಹಂಚಿಕೆಯಾಗುತ್ತದೆ. ಪಕ್ಷೇತರರ ಸರದಿ ಬರುವಷ್ಟರಲ್ಲಿ ಸಂಜೆಯಾಗಿರುತ್ತದೆ, ಸದನ ಅರ್ಧ ಖಾಲಿಯಾಗಿರುತ್ತದೆ, ಪತ್ರಕರ್ತರು ಸುದ್ದಿ ಕಳಿಸಿ ಎದ್ದಿರುತ್ತಾರೆ. ಹೀಗಾಗಿ ಪಕ್ಷೇತರರ ಭಾಷಣ ಪತ್ರಿಕೆಯಲ್ಲಿ ಕಾಣಿಸದೇ ಇದ್ದರೆ ಅವರು ಮಾತನಾಡಿಯೇ ಇಲ್ಲ ಎಂದು ತಿಳಿಯಬೇಡಿ. ಆದರೆ ಲಿಖಿತ ಪ್ರಶ್ನೆ ಕೊಡಲು, ಗಮನ ಸೆಳೆಯುವ ಸೂಚನೆ ಕೊಡಲು, ಮಸೂದೆಗೆ ತಿದ್ದುಪಡಿ ಸೂಚಿಸಲು ಪಕ್ಷದ ಬಲ ಬೇಕಿಲ್ಲ. ಅಲ್ಲಿ ಪಕ್ಷೇತರರೂ ಆಡಳಿತ ಪಕ್ಷದ ಹಿರಿಯ ಸದಸ್ಯರೂ ಸಮಾನರು. ಶ್ರದ್ಧೆಯುಳ್ಳ ಪಕ್ಷೇತರರ ಗುರುತು ಸಿಗುವುದು ಈ ಬಾಗಿಲುಗಳಲ್ಲಿ.

ನಮ್ಮ ಶಾಸಕರ ಮನೆಮಾತು ಕೊಂಕಣಿ. ಸದನದಲ್ಲಿ ಕೊಂಕಣಿಯಲ್ಲಿ ಮಾತನಾಡಬಹುದೇ?

ಸಂವಿಧಾನದ 210ನೇ ವಿಧಿಯಂತೆ ಸದನದ ಕಲಾಪ ರಾಜ್ಯದ ಅಧಿಕೃತ ಭಾಷೆ, ಹಿಂದಿ ಅಥವಾ ಇಂಗ್ಲಿಷಿನಲ್ಲಿ ನಡೆಯಬೇಕು. ಇವುಗಳಲ್ಲಿ ಸರಿಯಾಗಿ ಹೇಳಿಕೊಳ್ಳಲಾರದ ಸದಸ್ಯರಿಗೆ ಮಾತೃಭಾಷೆಯಲ್ಲಿ ಮಾತನಾಡಲು ಸಭಾಧ್ಯಕ್ಷರು ಅನುಮತಿ ಕೊಡಬಹುದು.

## ಮತದಾನದ ದಾಖಲೆ

ಯಾವ ಮಸೂದೆಗೆ ನಮ್ಮ ಶಾಸಕರು ಯಾವ ಕಡೆ ಮತ ಹಾಕಿದರು ಎಂಬ ಪಟ್ಟಿ ಎಲ್ಲಿ ಸಿಗುತ್ತದೆ?

ಅತಿ ಹೆಚ್ಚು ಬಾರಿ ಬರುವ ಪ್ರಶ್ನೆ ಇದು. ಉತ್ತರ ನಿರಾಸೆ ತರುವಂಥದ್ದು: ಬಹುಪಾಲು ಮಸೂದೆಗಳಿಗೆ ಅಂಥ ಪಟ್ಟಿಯೇ ಇರುವುದಿಲ್ಲ.

ಮಸೂದೆ ಅಂಗೀಕಾರವಾಗುವುದು ಸಾಮಾನ್ಯವಾಗಿ ಧ್ವನಿಮತದಿಂದ. ಪರವಾಗಿರುವವರು ‘ಹೌದು’ ಎನ್ನುತ್ತಾರೆ, ವಿರುದ್ಧವಿರುವವರು ‘ಇಲ್ಲ’ ಎನ್ನುತ್ತಾರೆ, ಯಾವ ಧ್ವನಿ ಹೆಚ್ಚು ಎಂದು ಸಭಾಧ್ಯಕ್ಷರು ತೀರ್ಮಾನಿಸುತ್ತಾರೆ. ಯಾರು ಯಾವುದನ್ನು ಹೇಳಿದರು ಎಂಬುದು ಎಲ್ಲಿಯೂ ಬರೆದಿರುವುದಿಲ್ಲ. ರಾಜ್ಯವನ್ನೇ ಎರಡಾಗಿ ವಾದಕ್ಕಿಳಿಸಿದ ಮಸೂದೆಗಳೂ ಹೀಗೆಯೇ ಅಂಗೀಕಾರವಾಗಿವೆ. 2020ರ ಡಿಸೆಂಬರ್ 9ರಂದು ಜಾನುವಾರು ಹತ್ಯೆ ನಿಷೇಧ ಮಸೂದೆ, 2021ರ ಡಿಸೆಂಬರ್ 23ರಂದು ಮತಾಂತರ ನಿಷೇಧ ಮಸೂದೆ, ಎರಡೂ ವಿಧಾನಸಭೆಯಲ್ಲಿ ಧ್ವನಿಮತದಿಂದ ಅಂಗೀಕಾರವಾದವು. ಆ ದಿನ ಪಕ್ಷಗಳ ನಿಲುವು ಏನಿತ್ತು ಎಂದು ಎಲ್ಲರಿಗೂ ಗೊತ್ತು. ಪಕ್ಷೇತರರ ನಿಲುವು ಮಾತ್ರ ಅವರು ಎದ್ದು ನಿಂತು ಹೇಳಿದ್ದರಷ್ಟೇ ಗೊತ್ತಾಗುತ್ತದೆ. ಸುಮ್ಮನೆ ಕುಳಿತಿದ್ದರೆ ದಾಖಲೆಯ ಮಟ್ಟಿಗೆ ಅವರು ಅಲ್ಲಿ ಇರಲೇ ಇಲ್ಲ.

ಇದು ಪಕ್ಷೇತರರಿಗೆ ಅನುಕೂಲವಾದ ಮರೆ ಎಂಬುದು ನನ್ನ ತಕರಾರು. ಪಕ್ಷದ ಶಿಸ್ತಿಗೆ ಒಳಪಡದ ಸದಸ್ಯರು ತಮ್ಮ ನಿಲುವನ್ನು ಬಾಯಿಬಿಟ್ಟು ಹೇಳುವ ಹೊಣೆ ಹೊರಬೇಕು. ಎರಡು ನಿಮಿಷ ಮಾತನಾಡಿದರೂ ಸಾಕು, ಐವತ್ತು ವರ್ಷದ ನಂತರವೂ ಅದನ್ನು ತೆಗೆದು ಓದಬಹುದು.

ಹಾಗಾದರೆ ತಲೆ ಎಣಿಸುವುದು ಯಾವಾಗ?

ಧ್ವನಿಮತದ ತೀರ್ಮಾನವನ್ನು ಒಪ್ಪದೆ ಸದಸ್ಯರು ಮತ ವಿಭಜನೆ ಕೇಳಿದಾಗ. ನಮ್ಮ ವಿಧಾನಸಭೆಯಲ್ಲಿ ಸಾಲು ಸಾಲಾಗಿ ಸದಸ್ಯರನ್ನು ಎದ್ದು ನಿಲ್ಲಿಸಿ ಸಿಬ್ಬಂದಿ ಎಣಿಸುತ್ತಾರೆ. ಬಹುತೇಕ ಇದು ನಡೆಯುವುದು ವಿಶ್ವಾಸಮತದ ದಿನ. 2010ರ ಅಕ್ಟೋಬರ್ 11ರಂದು ಯಡಿಯೂರಪ್ಪ ಸರ್ಕಾರ ಧ್ವನಿಮತದಿಂದ ವಿಶ್ವಾಸ ಗಳಿಸಿದಾಗ ಭಾರಿ ವಿವಾದವೆದ್ದು, ಮೂರೇ ದಿನಗಳಲ್ಲಿ ಎರಡನೇ ಬಾರಿ ಮತಕ್ಕೆ ಹಾಕಬೇಕಾಯಿತು. ಆಗ ಬಂದ ಲೆಕ್ಕ 106ಕ್ಕೆ 100. 2019ರ ಜುಲೈ 23ರಂದು ಕುಮಾರಸ್ವಾಮಿ ಸರ್ಕಾರ 99ಕ್ಕೆ 105ರಿಂದ ಬಿದ್ದಿತು. ನಿಮ್ಮ ಶಾಸಕರ ಅವಧಿಯಲ್ಲಿ ಇಂಥ ದಿನ ಬಂದಿದ್ದರೆ ಹುಡುಕಾಟವನ್ನು ಅಲ್ಲಿಂದಲೇ ಶುರುಮಾಡಿ.

ಪಕ್ಷೇತರರಿಗೆ ವಿಪ್ ಅನ್ವಯಿಸುತ್ತದೆಯೇ?

ಇಲ್ಲ. ವಿಪ್ ಎಂದರೆ ಸದನದಲ್ಲಿ ಹೀಗೆಯೇ ಮತ ಹಾಕಬೇಕೆಂಬ ಆದೇಶ. ಅದನ್ನು ಹೊರಡಿಸುವುದು ಪಕ್ಷ, ಅದು ಅನ್ವಯಿಸುವುದು ಆ ಪಕ್ಷದ ಸದಸ್ಯರಿಗೆ. ಸರ್ಕಾರಕ್ಕೆ ಬೆಂಬಲ ಪತ್ರ ಕೊಟ್ಟ ಪಕ್ಷೇತರರೂ ಮಸೂದೆಯೊಂದರ ವಿರುದ್ಧ ಮತ ಹಾಕಿದರೆ ಅವರ ಸದಸ್ಯತ್ವಕ್ಕೆ ಧಕ್ಕೆಯಿಲ್ಲ. ಹಾಗಾಗಿ ‘ನನ್ನ ಕೈ ಕಟ್ಟಿಹಾಕಿದ್ದರು’ ಎಂಬ ಮಾತು ಪಕ್ಷದ ಶಾಸಕರ ಬಾಯಲ್ಲಿ ಬಂದರೆ ಕೇಳಬಹುದು, ಪಕ್ಷೇತರರ ಬಾಯಲ್ಲಿ ಬಂದರೆ ಒಪ್ಪಬೇಕಾಗಿಲ್ಲ.

ಮತದಾನದ ಹೊತ್ತಿಗೆ ಹೊರಗೆ ಉಳಿದರೆ ಅದು ವಿರೋಧವೇ, ಬೆಂಬಲವೇ?

ಸಂವಿಧಾನದ 189ನೇ ವಿಧಿಯಂತೆ ಹಾಜರಿದ್ದು ಮತ ಹಾಕಿದವರ ಬಹುಮತದಿಂದ ತೀರ್ಮಾನವಾಗುತ್ತದೆ. ಹೊರಗೆ ಉಳಿದವರು ಎಣಿಕೆಗೇ ಬರುವುದಿಲ್ಲ, ಬಹುಮತಕ್ಕೆ ಬೇಕಾದ ಅಂಕೆಯೂ ಅಷ್ಟು ಇಳಿಯುತ್ತದೆ. ಅಂದರೆ ಗೈರುಹಾಜರಿ ಯಾವಾಗಲೂ ಅಲ್ಲಿ ಹೆಚ್ಚು ಬಲವಿರುವ ಕಡೆಗೆ ಸಹಾಯ. ಕಾಯಿಲೆಯೋ ಮನೆಯ ತುರ್ತೋ ಇದ್ದರೆ ಬೇರೆ ಮಾತು. ಇಲ್ಲದಿದ್ದರೆ ಅದನ್ನು ನಿಲುವೆಂದೇ ಓದಿ, ಕಾರಣ ಕೇಳಿ.

ರಾಜ್ಯಸಭೆ, ರಾಷ್ಟ್ರಪತಿ ಚುನಾವಣೆಯಲ್ಲಿ ಅವರು ಯಾರಿಗೆ ಮತ ಹಾಕಿದರು ಎಂದು ತಿಳಿಯಬಹುದೇ?

ರಾಜ್ಯಸಭೆಯ ಚುನಾವಣೆಯಲ್ಲಿ 2003ರಿಂದ ಬಹಿರಂಗ ಮತದಾನವಿದೆ. ಪಕ್ಷದ ಶಾಸಕರು ತಮ್ಮ ಮತಪತ್ರವನ್ನು ಪಕ್ಷದ ಏಜೆಂಟರಿಗೆ ತೋರಿಸಿಯೇ ಪೆಟ್ಟಿಗೆಗೆ ಹಾಕಬೇಕು. ಪಕ್ಷೇತರರಿಗೆ ಇದು ತಿರುಗುಮುರುಗು: ಅವರು ಯಾರಿಗಾದರೂ ತೋರಿಸಿದರೆ ಮತವೇ ರದ್ದಾಗುತ್ತದೆ. ರಾಷ್ಟ್ರಪತಿ ಚುನಾವಣೆಯ ಮತ ಎಲ್ಲರಿಗೂ ಗುಪ್ತ, ಅದರಲ್ಲಿ ಕರ್ನಾಟಕದ ಒಬ್ಬ ಶಾಸಕರ ಮತದ ಮೌಲ್ಯ 131. ಈ ಎರಡು ಚುನಾವಣೆಗಳ ವಿಷಯದಲ್ಲಿ ಪಕ್ಷೇತರರು ತಾವೇ ಹೇಳಿದ್ದನ್ನು ನಂಬಬೇಕು ಅಥವಾ ಬಿಡಬೇಕು.

ಸಭಾಧ್ಯಕ್ಷರು ನಮ್ಮ ಶಿರಸಿಯವರೇ ಆಗಿದ್ದರಲ್ಲ, ಅವರ ಮತ?

ವಿಶ್ವೇಶ್ವರ ಹೆಗಡೆ ಕಾಗೇರಿಯವರು 2019ರಿಂದ 2023ರವರೆಗೆ ಸಭಾಧ್ಯಕ್ಷರಾಗಿದ್ದರು. ಆ ಪೀಠದಲ್ಲಿ ಕುಳಿತವರು ಮೊದಲ ಸುತ್ತಿನಲ್ಲಿ ಮತ ಹಾಕುವುದಿಲ್ಲ. ಎರಡೂ ಕಡೆ ಸಮ ಬಂದಾಗ ಮಾತ್ರ ನಿರ್ಣಾಯಕ ಮತ ಅವರದು. ಅವರು ಚರ್ಚೆಯಲ್ಲೂ ಭಾಗವಹಿಸುವುದಿಲ್ಲವಾದ್ದರಿಂದ ಆ ನಾಲ್ಕು ವರ್ಷಗಳಲ್ಲಿ ಶಿರಸಿ ಕ್ಷೇತ್ರದ ಹೆಸರಿನಲ್ಲಿ ಪ್ರಶ್ನೆ, ಭಾಷಣ ಹುಡುಕುವುದು ವ್ಯರ್ಥ.

## ಪ್ರಶ್ನೆ, ಭಾಷಣ, ಸೂಚನೆ

ನಿಯಮ 69, ನಿಯಮ 73 ಎಂದು ಪತ್ರಿಕೆಯಲ್ಲಿ ಬರುತ್ತದೆ. ಇವೇನು?

ವಿಧಾನಸಭೆಯ ನಿಯಮಾವಳಿಯಲ್ಲಿ ಸದಸ್ಯರು ವಿಷಯ ಎತ್ತಲು ಇರುವ ದಾರಿಗಳು. ನಿಯಮ 60 ನಿಲುವಳಿ ಸೂಚನೆ, ಉಳಿದ ಕಲಾಪ ಬದಿಗಿಟ್ಟು ಇದನ್ನೇ ಚರ್ಚಿಸಿ ಎಂಬ ಬೇಡಿಕೆ. ಇದನ್ನು ಸಭಾಧ್ಯಕ್ಷರು ಹಾಗೆಯೇ ಒಪ್ಪುವುದು ಅಪರೂಪ. ಹಲವು ಬಾರಿ ನಿಯಮ 69ಕ್ಕೆ ಪರಿವರ್ತಿಸುತ್ತಾರೆ, ಅಂದರೆ ಚರ್ಚೆಯಾಗುತ್ತದೆ, ಮತಕ್ಕೆ ಹಾಕುವುದಿಲ್ಲ. ನಿಯಮ 73 ಗಮನ ಸೆಳೆಯುವ ಸೂಚನೆ, ಸಚಿವರು ಹೇಳಿಕೆ ಕೊಡಲೇಬೇಕು. ನಿಯಮ 351ರಲ್ಲಿ ವಿಷಯವನ್ನು ಸದನದ ಗಮನಕ್ಕೆ ತರಬಹುದು. ಶೂನ್ಯ ವೇಳೆಯಲ್ಲಿ ಅಂದಿನ ತುರ್ತು ವಿಷಯ ಪ್ರಸ್ತಾಪಿಸಬಹುದು.

ಪ್ರಶ್ನೆಗಳಲ್ಲಿ ಎರಡು ಬಗೆ. ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಸದನದಲ್ಲಿ ಬಾಯಿಮಾತಿನಲ್ಲಿ ಉತ್ತರಿಸುತ್ತಾರೆ, ಉಪಪ್ರಶ್ನೆ ಕೇಳಬಹುದು. ಚುಕ್ಕೆ ಗುರುತಿಲ್ಲದ ಪ್ರಶ್ನೆಗೆ ಲಿಖಿತ ಉತ್ತರ. ಟಿ.ವಿ.ಯಲ್ಲಿ ಕಾಣುವುದು ಮೊದಲನೆಯದು. ಹಳ್ಳಿವಾರು, ತಾಲ್ಲೂಕುವಾರು ಅಂಕಿ ಅಂಶ ಸಿಗುವುದು ಎರಡನೆಯದರಲ್ಲಿ. ನನಗೆ ಒಂದನ್ನೇ ಓದು ಎಂದರೆ ಎರಡನೆಯದನ್ನು ಓದುತ್ತೇನೆ.

ಹೆಚ್ಚು ಪ್ರಶ್ನೆ ಕೇಳಿದವರು ಒಳ್ಳೆಯ ಶಾಸಕರೇ?

ಸಂಖ್ಯೆ ಏನನ್ನೂ ಹೇಳುವುದಿಲ್ಲ. ಪ್ರಶ್ನೆಯನ್ನು ಬಿಡಿಸಿ ನೋಡಿ.

ಅರಣ್ಯ ಹಕ್ಕಿನ ವಿಷಯವನ್ನೇ ತೆಗೆದುಕೊಳ್ಳಿ. ‘ಉತ್ತರ ಕನ್ನಡದಲ್ಲಿ ಅರಣ್ಯ ಅತಿಕ್ರಮಣ ಸಕ್ರಮಕ್ಕೆ ಬಂದ ಅರ್ಜಿಗಳೆಷ್ಟು?’ ಎಂದು ಕೇಳಿದರೆ ಒಂದು ಅಂಕೆ ಸಿಗುತ್ತದೆ, ಅಲ್ಲಿಗೆ ಮುಗಿಯಿತು. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಪರಿಶಿಷ್ಟ ಪಂಗಡದವರಲ್ಲದ ಪಾರಂಪರಿಕ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಮೊದಲು ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿ ನೆಲೆಸಿದ್ದನ್ನು ತೋರಿಸಬೇಕು. ನಮ್ಮ ಜಿಲ್ಲೆಯ ಅರ್ಜಿಗಳು ಮುಗ್ಗರಿಸುವುದು ಈ ಷರತ್ತಿನಲ್ಲಿ. ವಿಷಯ ಬಲ್ಲ ಶಾಸಕರು ಕೇಳುವುದು ಬೇರೆ: ಗ್ರಾಮ ಅರಣ್ಯ ಹಕ್ಕು ಸಮಿತಿ ಒಪ್ಪಿದ ಎಷ್ಟು ಅರ್ಜಿಗಳನ್ನು ಉಪವಿಭಾಗ ಮಟ್ಟದಲ್ಲಿ ತಿರಸ್ಕರಿಸಲಾಯಿತು? ಕಾರಣವನ್ನು ಅರ್ಜಿದಾರರಿಗೆ ಬರಹದಲ್ಲಿ ತಿಳಿಸಲಾಯಿತೇ? ಸರ್ಕಾರಿ ದಾಖಲೆ ಇಲ್ಲದ ಕಡೆ ಊರ ಹಿರಿಯರ ಹೇಳಿಕೆಯನ್ನು ಸಾಕ್ಷ್ಯವಾಗಿ ಪರಿಗಣಿಸಲಾಯಿತೇ? ಕಾಯ್ದೆಯ ನಿಯಮಗಳಲ್ಲೇ ಹಿರಿಯರ ಹೇಳಿಕೆಗೆ ಜಾಗವಿದೆ. ಇಂಥ ಪ್ರಶ್ನೆಗೆ ಬಂದ ಉತ್ತರವನ್ನು ಹಿಡಿದುಕೊಂಡು ಒಬ್ಬ ಅರ್ಜಿದಾರ ಮೇಲ್ಮನವಿ ಹಾಕಬಹುದು.

ಮೀನುಗಾರಿಕೆಯಲ್ಲೂ ಹಾಗೆಯೇ. ಕರಾವಳಿಯ ಟ್ರಾಲರುಗಳು ಜೂನ್ 1ರಿಂದ ಜುಲೈ 31ರವರೆಗೆ ಕಡಲಿಗೆ ಇಳಿಯುವಂತಿಲ್ಲ ಎಂಬುದನ್ನು ಸದನದಲ್ಲಿ ಮತ್ತೆ ಹೇಳಿಸಿಕೊಳ್ಳುವುದರಿಂದ ಯಾರಿಗೂ ಲಾಭವಿಲ್ಲ. ನಿಷೇಧಿತ ಬೆಳಕು ಮೀನುಗಾರಿಕೆ, ಬುಲ್ ಟ್ರಾಲಿಂಗ್ (ಎರಡು ದೋಣಿಗಳು ಸೇರಿ ಒಂದೇ ಬಲೆ ಎಳೆಯುವುದು) ನಡೆಸಿದ ಎಷ್ಟು ದೋಣಿಗಳನ್ನು ಹಿಡಿಯಲಾಯಿತು, ಯಾವ ಬಂದರಿನಲ್ಲಿ, ಎಷ್ಟು ದಂಡ ವಸೂಲಾಯಿತು ಎಂದು ಕೇಳಿದರೆ ಪಾತಿ ದೋಣಿಯವರ ದೂರಿಗೆ ಬಲ ಬರುತ್ತದೆ.

ಹಾಜರಾತಿ ಪೂರ್ತಿ ಇದ್ದರೆ ಮೆಚ್ಚಬೇಕಲ್ಲವೇ?

ಮೆಚ್ಚೋಣ, ಆದರೆ ಎಷ್ಟು ದಿನದ ಹಾಜರಾತಿ ಎಂದು ಮೊದಲು ಕೇಳಿ. ವರ್ಷಕ್ಕೆ 60 ದಿನಕ್ಕೆ ಕಡಿಮೆಯಿಲ್ಲದಂತೆ ಅಧಿವೇಶನ ನಡೆಯಬೇಕೆಂದು 2005ರಲ್ಲಿ ಕರ್ನಾಟಕವೇ ಕಾಯ್ದೆ ಮಾಡಿಕೊಂಡಿದೆ. ಆ ಕಾಯ್ದೆಗೆ ತಕ್ಕಂತೆ ಸದನ ಸೇರಿದ ವರ್ಷಗಳು ವಿರಳ. ಸೇರಿದ ದಿನಗಳಲ್ಲೂ ಗದ್ದಲದಲ್ಲಿ ಕಳೆದುಹೋಗುವವು ಕೆಲವು. ಪಕ್ಷೇತರರಿಗೆ ಇದರ ಪೆಟ್ಟು ಜಾಸ್ತಿ, ಏಕೆಂದರೆ ಸಮಯ ಕಡಿಮೆಯಾದಾಗ ಮೊದಲು ಕತ್ತರಿ ಬೀಳುವುದು ಕೊನೆಯ ಸರದಿಯವರಿಗೆ. ಅಧಿವೇಶನದ ದಿನಗಳನ್ನು ಹೆಚ್ಚಿಸಿ ಎಂದು ನಿಮ್ಮ ಶಾಸಕರು ಎಂದಾದರೂ ಕೇಳಿದ್ದಾರೆಯೇ ಎಂಬುದನ್ನೂ ನಡಾವಳಿಯಲ್ಲಿ ಹುಡುಕಿ.

ನಡಾವಳಿ ಎಲ್ಲಿ ಸಿಗುತ್ತದೆ? ಹಳೆಯದೂ ಸಿಗುತ್ತದೆಯೇ?

ಸದನದಲ್ಲಿ ಆಡಿದ ಮಾತೆಲ್ಲ ಅಕ್ಷರಶಃ ದಾಖಲಾಗುತ್ತದೆ. ಕಡತದಿಂದ ತೆಗೆಸಿದ ಮಾತುಗಳು ಮಾತ್ರ ಇರುವುದಿಲ್ಲ. ವಿಧಾನಸಭೆಯ ಜಾಲತಾಣದಲ್ಲಿ ಪ್ರಶ್ನೋತ್ತರಗಳು, ನಡಾವಳಿಗಳು, ಸಮಿತಿಗಳ ವರದಿಗಳು ಇವೆ. ಕ್ಷೇತ್ರದ ಹೆಸರಿನಿಂದಲೂ ಹುಡುಕಿ, ಸದಸ್ಯರ ಹೆಸರಿನಿಂದಲೂ ಹುಡುಕಿ. ಜಾಲತಾಣದಲ್ಲಿ ಸಿಗದ್ದಕ್ಕೆ ವಿಧಾನಸಭೆ ಸಚಿವಾಲಯಕ್ಕೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಬಹುದು. ಅಧಿವೇಶನದ ದಿನಾಂಕ, ವಿಷಯ, ಸದಸ್ಯರ ಹೆಸರು ಮೂರನ್ನೂ ಬರೆಯಿರಿ. ‘ಐದು ವರ್ಷದ ಎಲ್ಲ ಭಾಷಣ ಕೊಡಿ’ ಎಂದರೆ ಅರ್ಜಿ ಓಡಾಡುತ್ತಲೇ ಇರುತ್ತದೆ.

ಹಳೆಯ ಕಾಲದ ವಿಷಯದಲ್ಲಿ ನಮ್ಮ ಜಿಲ್ಲೆಗೊಂದು ವಿಶೇಷವಿದೆ. 1956ರ ನವೆಂಬರ್ 1ರವರೆಗೆ ನಾವು ಮುಂಬಯಿ ರಾಜ್ಯದಲ್ಲಿದ್ದೆವು. ಅದಕ್ಕೆ ಹಿಂದಿನ ನಮ್ಮ ಶಾಸಕರ ಮಾತು ಬೆಂಗಳೂರಿನ ಕಪಾಟಿನಲ್ಲಿಲ್ಲ, ಮುಂಬಯಿ ವಿಧಾನಸಭೆಯ ನಡಾವಳಿಯಲ್ಲಿದೆ. ದಿನಕರ ದೇಸಾಯಿಯವರ ಲೋಕಸಭಾ ಅವಧಿ 1967ರಿಂದ 1970ರ ಕೊನೆಯವರೆಗೆ. ನಾಲ್ಕನೇ ಲೋಕಸಭೆಯ ಚರ್ಚೆಗಳು ಸಂಸತ್ತಿನ ಡಿಜಿಟಲ್ ಗ್ರಂಥಾಲಯದಲ್ಲಿ ಇವೆ. ಇಂಗ್ಲಿಷಿನಲ್ಲಿ ಅವರ ಹೆಸರಿನ ಕಾಗುಣಿತ ಎರಡು ಮೂರು ಬಗೆಯಲ್ಲಿ ಬರುವುದರಿಂದ ಎಲ್ಲವನ್ನೂ ಹಾಕಿ ನೋಡಿ. ನಮ್ಮ ಕಾಲೇಜುಗಳ ವಿದ್ಯಾರ್ಥಿಗಳು ಈ ಕೆಲಸ ಹಿಡಿದರೆ ಜಿಲ್ಲೆಗೇ ಉಪಕಾರ.

ಅಧಿವೇಶನವನ್ನು ನಾವೇ ಹೋಗಿ ನೋಡಬಹುದೇ?

ನೋಡಬಹುದು. ಶಾಸಕರ ಮೂಲಕ ಪ್ರೇಕ್ಷಕರ ಗ್ಯಾಲರಿಯ ಪಾಸ್ ಪಡೆಯಬೇಕು. 2012ರಲ್ಲಿ ಉದ್ಘಾಟನೆಯಾದ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಚಳಿಗಾಲದ ಅಧಿವೇಶನ ನಡೆದಾಗ ಹಳಿಯಾಳ, ದಾಂಡೇಲಿ, ಯಲ್ಲಾಪುರದವರಿಗೆ ಬೆಂಗಳೂರಿಗಿಂತ ಎಷ್ಟೋ ಹತ್ತಿರ. ಪಾಸ್ ಕೇಳುವ ನೆಪದಲ್ಲಿ ಈ ಅಧಿವೇಶನದಲ್ಲಿ ಏನು ಕೇಳುತ್ತೀರಿ ಎಂದು ಶಾಸಕರನ್ನು ವಿಚಾರಿಸಿ.

## ತೊಡಕಿನ ಪ್ರಶ್ನೆಗಳು

ಸರ್ಕಾರಕ್ಕೆ ಬೆಂಬಲ ಕೊಟ್ಟು ಸಚಿವರೂ ಆದ ಮೇಲೆ ಅವರು ಪಕ್ಷೇತರರು ಹೇಗೆ?

ಕಾನೂನಿನ ಮಾತು ಮೊದಲು. 1985ರಲ್ಲಿ ಸಂವಿಧಾನಕ್ಕೆ ಸೇರಿದ ಹತ್ತನೇ ಅನುಸೂಚಿಯ, ಅಂದರೆ ಪಕ್ಷಾಂತರ ನಿಷೇಧ ಕಾನೂನಿನ, ಪ್ರಕಾರ ಪಕ್ಷೇತರರಾಗಿ ಗೆದ್ದವರು ಆಮೇಲೆ ಯಾವುದೇ ಪಕ್ಷ ಸೇರಿದರೆ ಅನರ್ಹರಾಗುತ್ತಾರೆ. ಪಕ್ಷವನ್ನು ಬೆಂಬಲಿಸುವುದು ಬೇರೆ, ಸೇರುವುದು ಬೇರೆ. ಗೆರೆ ಎಲ್ಲಿ ಎಂಬುದಕ್ಕೆ ಎರಡು ಪ್ರಕರಣಗಳನ್ನು ಜೊತೆಗಿಟ್ಟು ಓದಬೇಕು. ಹರಿಯಾಣದ ಪಕ್ಷೇತರರು ಕಾಂಗ್ರೆಸ್ ಸೇರಿದ ವಿಷಯದಲ್ಲಿ ಸಭಾಧ್ಯಕ್ಷರು ಮಾಡಿದ ಅನರ್ಹತೆಯನ್ನು 2006ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ನಮ್ಮಲ್ಲಿ 2010ರ ಅಕ್ಟೋಬರಿನಲ್ಲಿ ಐವರು ಪಕ್ಷೇತರರನ್ನು ಸಭಾಧ್ಯಕ್ಷರು ಅನರ್ಹಗೊಳಿಸಿದರು. ಅವರು ಸಚಿವರಾಗಿದ್ದರು, ಆಡಳಿತ ಪಕ್ಷದ ಸಭೆಗಳಿಗೆ ಹೋಗಿದ್ದರು, ಆದ್ದರಿಂದ ಪಕ್ಷ ಸೇರಿದಂತೆಯೇ ಎಂಬುದು ವಾದ. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದುಗೊಳಿಸಿತು. ಸರ್ಕಾರವನ್ನು ಬೆಂಬಲಿಸಿ ಸಚಿವರಾದ ಮಾತ್ರಕ್ಕೆ ಪಕ್ಷ ಸೇರಿದಂತೆ ಆಗುವುದಿಲ್ಲ ಎಂಬುದು ಅದರ ತಿರುಳು.

ಮತದಾರರ ಮಾತು ಬೇರೆ. ಸಚಿವರು ಸಂಪುಟದ ಸಾಮೂಹಿಕ ಹೊಣೆಗೆ ಒಳಪಟ್ಟವರು. ಅವರು ಸರ್ಕಾರದ ಮಸೂದೆಯನ್ನು ಸದನದಲ್ಲಿ ವಿರೋಧಿಸಲಾರರು, ಪ್ರಶ್ನೆಯನ್ನೂ ಕೇಳಲಾರರು. ಪ್ರಮಾಣವಚನದ ದಿನದಿಂದ ಅವರ ದಾಖಲೆ ಪಕ್ಷೇತರರ ದಾಖಲೆಯಾಗಿ ಉಳಿಯುವುದಿಲ್ಲ. ಓದುವಾಗ ಆ ದಿನಾಂಕಕ್ಕೆ ಗೆರೆ ಎಳೆದು ಹಿಂದಿನದನ್ನೂ ಮುಂದಿನದನ್ನೂ ಬೇರೆ ಬೇರೆಯಾಗಿ ತೂಗಿ.

ಕೆಲವೊಮ್ಮೆ ಪಕ್ಷೇತರರ ಹಿಂದೆ ಎಲ್ಲರೂ ಓಡುತ್ತಾರೆ, ಕೆಲವೊಮ್ಮೆ ಕೇಳುವವರೇ ಇಲ್ಲ. ಏಕೆ ಹೀಗೆ?

ಲೆಕ್ಕ ನೋಡಿ. 224 ಸ್ಥಾನದ ಸದನದಲ್ಲಿ ಬಹುಮತಕ್ಕೆ 113 ಬೇಕು. 1983ರಲ್ಲಿ ಜನತಾ ಪಕ್ಷಕ್ಕೆ ಬಂದದ್ದು 95. ಸಿದ್ದಾಪುರದ ದೊಡ್ಮನೆಯ ರಾಮಕೃಷ್ಣ ಹೆಗಡೆಯವರ ಮೊದಲ ಸರ್ಕಾರ ಬಿಜೆಪಿ, ಎಡಪಕ್ಷಗಳು ಮತ್ತು ಪಕ್ಷೇತರರ ಹೊರಬೆಂಬಲದ ಮೇಲೆ ನಿಂತಿತ್ತು. 2008ರಲ್ಲಿ ಬಿಜೆಪಿಗೆ 110. ಗೆದ್ದ ಆರು ಪಕ್ಷೇತರರಲ್ಲಿ ಐವರು ಸಚಿವರಾದರು. 2013ರಲ್ಲಿ ಕಾಂಗ್ರೆಸ್ಸಿಗೆ 122, ಯಾರ ಹಂಗೂ ಬೇಕಿರಲಿಲ್ಲ. ನಮ್ಮ ಜಿಲ್ಲೆಯ ಇಬ್ಬರು ಪಕ್ಷೇತರರು ಸದನಕ್ಕೆ ಹೋದದ್ದು ಆ ವರ್ಷ. 2023ರಲ್ಲಿ ಆಡಳಿತ ಪಕ್ಷಕ್ಕೆ 135, ಪಕ್ಷೇತರರು ಇಬ್ಬರೇ.

ಆದ್ದರಿಂದ 2008ರ ಪಕ್ಷೇತರರು ಕ್ಷೇತ್ರಕ್ಕೆ ತಂದದ್ದನ್ನು 2013ರವರು ತಂದದ್ದಕ್ಕೆ ಹೋಲಿಸಿ ಒಬ್ಬರನ್ನು ಸಮರ್ಥರು, ಇನ್ನೊಬ್ಬರನ್ನು ಕೈಲಾಗದವರು ಎನ್ನುವುದು ಅನ್ಯಾಯ. ಕೈಯಲ್ಲಿ ಚೌಕಾಸಿಯ ಬಲವಿಲ್ಲದಾಗ ಪಕ್ಷೇತರರಿಗೆ ಉಳಿಯುವುದು ವಾದದ ಬಲ ಒಂದೇ. ಹಾಗಾಗಿ ಸ್ಪಷ್ಟ ಬಹುಮತದ ಸದನದಲ್ಲಿ ಅವರಾಡಿದ ಮಾತನ್ನೇ ನಾನು ಹೆಚ್ಚು ಗಮನವಿಟ್ಟು ಓದುತ್ತೇನೆ.

ಪಕ್ಷೇತರ ಎಂದು ಮತ ಕೊಟ್ಟೆವು, ಮುಂದಿನ ಚುನಾವಣೆಗೆ ಪಕ್ಷದ ಟಿಕೆಟ್ ತೆಗೆದುಕೊಂಡರು. ಇದು ಮೋಸವಲ್ಲವೇ?

2013ರಲ್ಲಿ ಗೆದ್ದ ನಮ್ಮ ಇಬ್ಬರೂ 2018ರಲ್ಲಿ ಕಾಂಗ್ರೆಸ್ಸಿನಿಂದ ನಿಂತು ಸೋತರು, 2023ರಲ್ಲಿ ಅದೇ ಪಕ್ಷದಿಂದ ಗೆದ್ದರು. ಮಂಕಾಳ ವೈದ್ಯರು ಮೀನುಗಾರಿಕೆ ಸಚಿವರಾದರು. ಹೊಸ ಚುನಾವಣೆಯಲ್ಲಿ ಹೊಸ ಚಿಹ್ನೆಯೊಂದಿಗೆ ಜನರ ಮುಂದೆ ಬರುವುದನ್ನು ನಾನು ಮೋಸವೆಂದು ಕರೆಯಲಾರೆ, ಏಕೆಂದರೆ ಒಪ್ಪುವ ಅಥವಾ ತಿರಸ್ಕರಿಸುವ ಅವಕಾಶ ಮತದಾರರಿಗೆ ಸಿಕ್ಕೇ ಸಿಕ್ಕಿದೆ. ಅವಧಿಯ ನಡುವೆ ಒಂದೊಂದು ಮತಕ್ಕೂ ಒಂದೊಂದು ಕಡೆ ಹೊರಳಿ, ಕಾರಣವನ್ನೂ ಹೇಳದೇ ಇರುವುದು ಅದಕ್ಕಿಂತ ಕೆಟ್ಟದ್ದು. ಪಕ್ಷ ಸೇರುವ ಮೊದಲು ಯಾವ ನೀತಿಯನ್ನು ಟೀಕಿಸಿದ್ದರೋ ಸೇರಿದ ಮೇಲೆ ಅದರ ಬಗ್ಗೆ ಏನು ಹೇಳಿದರು ಎಂದು ಹೋಲಿಸಿ ನೋಡುವುದು ಚಿಹ್ನೆ ನೋಡುವುದಕ್ಕಿಂತ ಉಪಯುಕ್ತ.

ಕೈಗಾ, ಸೀಬರ್ಡ್, ಹೆದ್ದಾರಿ, ರೈಲು ಎಲ್ಲವೂ ಕೇಂದ್ರದ್ದು. ವಿಧಾನಸಭೆಯಲ್ಲಿ ಮಾತನಾಡಿ ಏನು ಪ್ರಯೋಜನ?

ಈ ಜಿಲ್ಲೆಯ ಶಾಸಕರಿಗೆ ಸಿಗುವ ಉತ್ತರಗಳಲ್ಲಿ ‘ಇದು ಕೇಂದ್ರ ಸರ್ಕಾರಕ್ಕೆ ಸಂಬಂಧಿಸಿದ ವಿಷಯ’ ಎಂಬ ಒಂದು ಸಾಲು ಕಾಯಂ. ಅದು ಅರ್ಧ ನಿಜ. ಸೀಬರ್ಡ್ ನೌಕಾನೆಲೆ ಕೇಂದ್ರದ್ದು, ಅದಕ್ಕಾಗಿ ಭೂಸ್ವಾಧೀನದ ಪ್ರಕ್ರಿಯೆ ನಡೆಸಿದ್ದು ರಾಜ್ಯದ ಅಧಿಕಾರಿಗಳು. ಕೈಗಾದ ಅಣು ವಿದ್ಯುತ್ ರಿಯಾಕ್ಟರ್ ಕೇಂದ್ರದ್ದು, ಸುತ್ತಲಿನ ಹಳ್ಳಿಗಳ ತುರ್ತು ಸ್ಥಳಾಂತರದ ಹೊಣೆ ಜಿಲ್ಲಾಡಳಿತದ್ದು. ರಾಷ್ಟ್ರೀಯ ಹೆದ್ದಾರಿ 66 ಕೇಂದ್ರದ್ದು, 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಾಗ ರಕ್ಷಣೆಗೆ ಮುಂದಾಗಬೇಕಾದದ್ದು ರಾಜ್ಯದ ಆಡಳಿತ. ಕೊಂಕಣ ರೈಲ್ವೆ ನಿಗಮದಲ್ಲಿ ಕರ್ನಾಟಕವೂ ಪಾಲುದಾರ. ಮೀನುಗಾರಿಕೆಯಲ್ಲಿ 12 ನಾಟಿಕಲ್ ಮೈಲಿಯೊಳಗಿನದ್ದು ರಾಜ್ಯದ ಅಧಿಕಾರ, ಅದರಾಚೆಗೆ ಕೇಂದ್ರದ್ದು.

ಪ್ರಶ್ನೆಯನ್ನು ರಾಜ್ಯದ ಹೊಣೆಯಿರುವ ಭಾಗಕ್ಕೆ ಸರಿಯಾಗಿ ಗುರಿಯಿಟ್ಟು ಕೇಳಿದ್ದರೆ ಶಾಸಕರು ತಯಾರಿ ಮಾಡಿಕೊಂಡು ಹೋಗಿದ್ದಾರೆ ಎಂದು ತಿಳಿಯಿರಿ. ‘ಹೆದ್ದಾರಿ ಕೆಲಸ ಯಾವಾಗ ಮುಗಿಯುತ್ತದೆ?’ ಎಂದು ಕೇಳಿ ಕೇಂದ್ರದ ಕಡೆ ಬೆರಳು ತೋರಿಸಿದ ಉತ್ತರ ಪಡೆದು ಬಂದಿದ್ದರೆ ಅದು ಊರಿನಲ್ಲಿ ಹೇಳಿಕೊಳ್ಳಲು ಕೇಳಿದ ಪ್ರಶ್ನೆ.

ಪಕ್ಷೇತರರು ತಾವೇ ಒಂದು ಕಾನೂನು ತರಬಹುದೇ?

ಮಸೂದೆ ಮಂಡಿಸಬಹುದು. ಸಚಿವರಲ್ಲದ ಯಾವ ಸದಸ್ಯರಿಗೂ ಖಾಸಗಿ ಮಸೂದೆ ತರುವ ಹಕ್ಕಿದೆ. ಖರ್ಚು ತರುವ ಮಸೂದೆಗೆ 207ನೇ ವಿಧಿಯಡಿ ರಾಜ್ಯಪಾಲರ ಶಿಫಾರಸು ಬೇಕು. ಅಂಗೀಕಾರವಾಗುವ ಆಸೆ ಕಡಿಮೆ. ಸರ್ಕಾರಿ ಮಸೂದೆಗೆ ತಿದ್ದುಪಡಿ ಸೂಚಿಸುವುದು ಇದಕ್ಕಿಂತ ಫಲ ಕೊಡುವ ದಾರಿ. ತಿದ್ದುಪಡಿ ಬಿದ್ದುಹೋದರೂ ಸೂಚಿಸಿದವರ ಹೆಸರು, ಸೂಚಿಸಿದ ಪದಗಳು ನಡಾವಳಿಯಲ್ಲಿ ಉಳಿಯುತ್ತವೆ. ಮತದಾನದ ಪಟ್ಟಿ ಇಲ್ಲದ ಕಡೆ ನಿಲುವಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದಿಲ್ಲ.

ಸಚಿವರು ಸದನದಲ್ಲಿ ಕೊಟ್ಟ ಮಾತು ಊರಿಗೆ ಬರಲೇ ಇಲ್ಲ. ಈಗ ಏನು ಮಾಡುವುದು?

‘ಪರಿಶೀಲಿಸಲಾಗುವುದು’, ‘ಕ್ರಮ ಕೈಗೊಳ್ಳಲಾಗುವುದು’ ಎಂದು ಸಚಿವರು ಸದನದಲ್ಲಿ ಹೇಳಿದ ಮಾತುಗಳನ್ನು ಹಿಂಬಾಲಿಸಲು ವಿಧಾನಸಭೆಯಲ್ಲಿ ಸರ್ಕಾರಿ ಭರವಸೆಗಳ ಸಮಿತಿ ಇದೆ. ನಿಮ್ಮ ವಿಷಯದ ಉತ್ತರವಿರುವ ಪುಟವನ್ನು ನಡಾವಳಿಯಿಂದ ತೆಗೆದುಕೊಳ್ಳಿ. ದಿನಾಂಕ, ಪ್ರಶ್ನೆಯ ಸಂಖ್ಯೆ, ಸಚಿವರ ಮಾತು, ಇಂದಿನ ಸ್ಥಿತಿ, ಸಾಧ್ಯವಾದರೆ ಒಂದೆರಡು ಫೋಟೊ ಸೇರಿಸಿ ಶಾಸಕರಿಗೆ ಕೊಟ್ಟು, ಸಮಿತಿಯ ಮುಂದೆ ಇಡುವಂತೆ ಬರಹದಲ್ಲಿ ಕೇಳಿ. ಸ್ವೀಕೃತಿ ಪಡೆಯಿರಿ. ಊರಿನವರೇ ನೇರವಾಗಿ ವಿಷಯ ಎತ್ತಬೇಕೆಂದಿದ್ದರೆ ಅರ್ಜಿಗಳ ಸಮಿತಿ ಇದೆ. ಅಲ್ಲಿಗೆ ಹೋಗುವ ಅರ್ಜಿಗೆ ಶಾಸಕರೊಬ್ಬರ ಮೇಲುರುಜು ಬೇಕಾಗುತ್ತದೆ. ನಿಮ್ಮ ಕ್ಷೇತ್ರದವರು ಹಾಕದಿದ್ದರೆ ಪಕ್ಕದ ಕ್ಷೇತ್ರದವರನ್ನು ಕೇಳಿ.